ಎಣ್ಣಿ ಇಲ್ಲದ ಹೋಳಿಗಿ

ನಮ್ಮವ್ವನ ಶೇಂಗಾ ಹೋಳಿಗಿ ಕೆಟ್ಟಿದ್ದು ಒಂದೇ ಸಲ. ಅದಕ್ಕ ಕಾರಣ ನನ್ನ ಪಿಎಚ್‌ಡಿ.

ಶೇಂಗಾಕಾಳು ಬೆಳಿಯೋ ಹೊತ್ತಿನ್ಯಾಗ ಎಲಿಯಿಂದ ಅದಕ್ಕ ಸಕ್ಕರಿ ಬರ್ತದ, ಕಾಳು ಅದನ್ನ ಎಣ್ಣಿ ಮಾಡ್ಕೋತದ. ನಾ ಲ್ಯಾಬ್‌ನಾಗ ಬೆಳೆಸಿದ ತಳಿ ಮಾತ್ರ ಭಾಳ ಮೊಂಡ. ಎಷ್ಟು ಸಕ್ಕರಿ ಬಂದ್ರೂ ಎಣ್ಣಿ ಮಾಡೋ ಕೆಲಸಕ್ಕ ಕೈನೇ ಹಚ್ಚತಿರಲಿಲ್ಲ. ನನ್ನ ಗೈಡ್ ಮ್ಯಾಡಮ್ ಇದನ್ನ ನಂಬಲಿಲ್ಲ. ನೀ ಅಳೆಯೋದ್ರಾಗೇ ತಪ್ಪೀದಿ, ನನ್ನ ಮುಂದ ಇನ್ನೊಮ್ಮೆ ಅಳೆದು ತೋರಿಸು, ಇಲ್ಲಂದ್ರ ಥೀಸಿಸ್‌ಗೆ ಸಹಿ ಹಾಕಂಗಿಲ್ಲ ಅಂದ್ರು. ಬಿತ್ತಾಕ ಒಂದು ಮುಷ್ಟಿ ಲ್ಯಾಬ್‌ನಾಗೇ ಬಿಟ್ಟು, ಉಳಿದಿದ್ದನ್ನೆಲ್ಲಾ ಸುಲಿಯಾಕ ಪುಣೆಯ ಖರಾಡಿಯಾಗಿನ ನನ್ನ ಮನಿಗೆ ತಂದೆ. ಸುಲಿದಾದ ಮ್ಯಾಲ, ಇರುವಿ ಹತ್ತಬಾರದಂತ ಅಡಗಿಮನಿಯ ಸ್ಟೀಲ್ ಡಬ್ಬಿಯಾಗ ಹಾಕಿಟ್ಟೆ.

ಮರುದಿನ ಎಳ್ಳಮಾಸಿ. ವಿಜಯಪುರದಿಂದ ಬಂದಿದ್ದ ಅವ್ವ ಮ್ಯಾಡಮ್‌ನ ಊಟಕ್ಕ ಕರೆಸಿದ್ಲು. ಹೋಳಿಗಿ ತಿಂದ್ರ ಎಂಥವರೂ ಸಹಿ ಹಾಕ್ತಾರ ಅನ್ನೋದು ಆಕಿ ಲೆಕ್ಕ. ನಾ ಮ್ಯಾಡಮ್‌ನ ಕರಕೊಂಡು ಬರಾಕ ಹೋದಾಗ ಅವ್ವಗ ಡಬ್ಬಿ ಕಂಡದ. ಸಣ್ಣ, ಮುದುಡಿದ ಕಾಳು. ಪುಣೆದಾಗೂ ಜವಾರಿ ಶೇಂಗಾ ಸಿಕ್ಕಿತಲ್ಲ ಅಂತ ಖುಷಿಯಾಗಿ ಹುರಿದು ಕುಟ್ಟಿಬಿಟ್ಟಾಳ. ಹೂರಣ ಉಂಡಿ ಕಟ್ಟಲಿಲ್ಲಂತ. ಈ ಊರಿನ ಬೆಲ್ಲಕ್ಕ ಬೈಕೋತ ಹೆಂಗೋ ಲಟ್ಟಿಸ್ಯಾಳ.

ಮ್ಯಾಡಮ್‌ನ ಊಟಕ್ಕ ಕೂಡಿಸಿ, ಕೈ ತೊಳಿಯಾಕ ಅಡಗಿಮನಿಗೆ ಹೋದವಳಿಗೆ ತೊಳೆದು ಬೋರಲ ಹಾಕಿದ್ದ ಡಬ್ಬಿ ಕಂಡಿತು. ಓಡಿ ಬಂದೆ. ಅಷ್ಟೊತ್ತಿಗೆ, ತುಪ್ಪ ಬಡಿಸೋಕೂ ಮೊದಲೇ ಮ್ಯಾಡಮ್ ಹೋಳಿಗಿ ಮುರಿದಾಗಿತ್ತು. ಸೀರಿ ತುಂಬ ಪುಡಿ. ಬಾಯಿಗಿಟ್ಟಿದ್ದು ಗಂಟಲಿಗೆ ಹತ್ತಿ ಕೆಮ್ಮಾಕತ್ತಿದ್ರು. ಅವ್ವನ ಮುಖ ಸಣ್ಣದಾತು. ಜೀವಮಾನದಾಗ ಆಕಿ ಹೋಳಿಗಿ ಹಂಗ ಉದುರಿದ್ದಿಲ್ಲ.

ನಾ ಡಬ್ಬಿಯ ಕಥಿ ಹೇಳಿದೆ. ಮ್ಯಾಡಮ್ ಒಂದು ಚಿಟಿಕಿ ಹೂರಣದ ಪುಡಿ ಪೇಪರಿನ ಮ್ಯಾಲ ಹಾಕಿ, ಹೆಬ್ಬಟ್ಟಿನಿಂದ ಒತ್ತಿ, ಝಾಡಿಸಿ ಕಿಟಕಿಯ ಬೆಳಕಿಗೆ ಹಿಡಿದ್ರು. ಪೇಪರಿಗೆ ಎಣ್ಣಿಯ ಕಲೆನೇ ಇಲ್ಲ.

"ನೀ ಹೇಳಿದ್ದು ಖರೇ," ಅಂದ್ರು ಮರಾಠಿಯೊಳಗ. "ಕಾಳಿನ್ಯಾಗ ಎಣ್ಣಿ ಇಲ್ಲ. ಆದ್ರ ಹೊಟ್ಟಿಗೆ ಹೋದ ಪುರಾವೆ ನೋಡಿ ಸಹಿ ಹಾಕಾಕ ಬರಂಗಿಲ್ಲ. ಉಳಿಸಿದ ಮುಷ್ಟಿ ಕಾಳು ಮತ್ತ ಬಿತ್ತು."

ಮರಾಠಿ ಅರ್ಧಂಬರ್ಧ ತಿಳಿಯೋ ಅವ್ವ ಏನಂದ್ರಂತ ಕೇಳಿದ್ಲು. ತಪ್ಪು ನಿನ್ನ ಕೈದಲ್ಲಂತ, ಕಾಳಿಂದಂತ ಅಂತ ಅಷ್ಟೇ ಹೇಳಿದೆ. ಆಕಿ ಮುಖ ಅರಳಿತು. ಹಂಗಾರ ನೀನೂ ತಿನ್ನು ಅಂತ ನನ್ನ ತಾಟಿಗೆ ಎರಡು ಹಾಕಿದ್ಲು.

ನನ್ನ ಒಂದು ವರ್ಷದ ಬೆಳಿ. ನೀರು ಕುಡ್ಕೋತ ನುಂಗಿದೆ.