ಸೋರದ ಮಡಕೆ

ಹಳೇಕೋಟೆ ಕಡೆಯ ಗುಡ್ಡದಲ್ಲಿ ತೋಟ ಮಾಡುತ್ತೇನೆ ಅನ್ನುವವರಿಗೆ ನನ್ನದೊಂದು ಬಿಟ್ಟಿ ಸಲಹೆ: ಮೊದಲು ಒಂದು ಬೇಸಿಗೆ ಅಲ್ಲಿ ಸುಮ್ಮನೆ ಕೂತು ನೋಡಿ. ನಾನು ಕೂರಲಿಲ್ಲ. ಆ ಇಳಿಜಾರನ್ನು ಚೌಕಾಸಿ ಮಾಡಿ ಅಗ್ಗಕ್ಕೆ ಹೊಡೆದುಕೊಂಡ ಹೆಮ್ಮೆಯಲ್ಲಿದ್ದೆ. ಮಾರಿದವನು ಅಷ್ಟು ಬೇಗ ಯಾಕೆ ಒಪ್ಪಿದ ಎಂದು ತಿಳಿಯಲು ಒಂದು ವರ್ಷ ಹಿಡಿಯಿತು.

ಮಳೆಗಾಲದಲ್ಲಿ ನನ್ನ ಮಣ್ಣೆಲ್ಲ ಕೆಳಗಿನ ಹೊಲದವರ ಪಾಲು. ಅವರು ಒಂದು ಥ್ಯಾಂಕ್ಸೂ ಹೇಳಿದವರಲ್ಲ. ಚಳಿಗಾಲದ ಗಾಳಿಗೆ ಎಲೆ ಮುರುಟುತ್ತದೆ. ಶಿವರಾತ್ರಿ ಕಳೆದರೆ ಕಲ್ಲು ಕಾದು ಚಪ್ಪಲಿಯೊಳಗೂ ಪಾದ ಸುಡುತ್ತದೆ. ಗುಡ್ಡದ ಬುಡದಲ್ಲಿ ನಾಲೆ ಹರಿಯುವುದು ನಿಜ; ಮೇಲೆ ನಿಂತು ಕಣ್ಣು ತಂಪು ಮಾಡಿಕೊಳ್ಳಬಹುದು.

ಅಲ್ಲಿ ನಾನು ನೆಟ್ಟದ್ದು ಹನ್ನೆರಡು ಮಾವಿನ ಸಸಿ. ನರ್ಸರಿಯವಲ್ಲ. ನನ್ನ ಹೆಂಡತಿಯ ತವರಿನ ಮಾವಿನ ಮರವನ್ನು ರಸ್ತೆ ಅಗಲ ಮಾಡುವಾಗ ಕಡಿದರು. ಅದರ ಕೊನೆಯ ಹಣ್ಣುಗಳ ಓಟೆಯನ್ನು ಅವಳು ಹಿತ್ತಲಲ್ಲಿ ಊರಿ ಬೆಳೆಸಿದ್ದಳು. ಒಂದೂ ಸಾಯುವುದಿಲ್ಲ ಎಂದು ಮಾತು ಕೊಟ್ಟು ಅವಳ ಕೈಯಿಂದ ಬಿಡಿಸಿಕೊಂಡಿದ್ದೆ.

ಬೇಸಿಗೆ ಬಂದಾಗ ಗುಡ್ಡದಲ್ಲಿ ಮೇಕೆ ಮೇಯಿಸುವ ಅಜ್ಜಿ ಉಪಾಯ ಹೇಳಿದಳು. ಗಿಡದ ಪಕ್ಕ ಮಡಕೆ ಹೂತು ನೀರು ತುಂಬಿದರೆ, ಅದು ಬೆವರಿದಷ್ಟನ್ನು ಬೇರು ಕುಡಿಯುತ್ತದಂತೆ. ಎಂಥ ಮಡಕೆ ಎಂದು ಹೇಳಲು ಬಾಯಿ ತೆರೆದಳು. ಕೊಳ್ಳುವುದನ್ನು ನನಗೆ ಹೇಳಿಕೊಡುವುದೇ? ಹೊರಟೇಬಿಟ್ಟೆ.

ಹೊಳೆನರಸೀಪುರದ ಕುಂಬಾರನ ಮುಂದೆ ಕೂತು ಒಂದೊಂದನ್ನೂ ಬೆರಳಲ್ಲಿ ತಟ್ಟಿದೆ. ಠಣ್ ಅಂದದ್ದು ಮಾತ್ರ ಈಚೆಗೆ. ಅಷ್ಟಕ್ಕೂ ಬಿಡದೆ ನೀರು ತುಂಬಿಸಿ, ಮಧ್ಯಾಹ್ನದವರೆಗೆ ಇಡಿಸಿ, ಹೊರಮೈ ತೇವವಾದದ್ದನ್ನೆಲ್ಲ ವಾಪಸು ತಳ್ಳಿದೆ. ಗಟ್ಟಿ ಮಡಕೆ ಆರಿಸುವ ಕ್ರಮವನ್ನು ಸುತ್ತಲಿದ್ದ ಗಿರಾಕಿಗಳಿಗೂ ಧಾರಾಳವಾಗಿ ಕಲಿಸಿದೆ.

ಸಸಿಗೊಂದರಂತೆ ಹೂತು ನೀರು ತುಂಬಿ, ವಾರ ಬಿಟ್ಟು ನೋಡಿದರೆ ಹನ್ನೆರಡೂ ಮಡಕೆಯಲ್ಲಿ ಇನ್ನೂ ಕಂಠಮಟ್ಟ ನೀರು. ಎಂಥ ಉಳಿತಾಯ ಎಂದು ಹಿಗ್ಗಿದೆ. ಸಸಿಗಳು ಬಾಡಿದ್ದವು, ಅದನ್ನು ಬಿಸಿಲಿನ ತಲೆಗೆ ಕಟ್ಟಿದೆ. ಇನ್ನೊಂದು ವಾರಕ್ಕೆ ಮೂರು ಕಡ್ಡಿಯಾದವು. ಅಜ್ಜಿ ಬಂದು ಮಡಕೆಯ ಪಕ್ಕದ ಮಣ್ಣು ಕೆದಕಿದಳು. ಒಲೆಯ ಬೂದಿಯಂತಿತ್ತು.

“ನೀರ ಕಾಯಕ್ಕೆ ಮಡಕೆ ಊತಿದ್ದೀಯಾ, ಗಿಡ ಕಾಯಕ್ಕಲ್ಲ ಕಣಪ್ಪ,” ಅಂದಳು. “ಜಿನುಗೋ ಮಡಕೆ ತರಬೇಕಿತ್ತು.”

ಅವತ್ತೇ ಬಸ್ಸು ಹತ್ತಿ ಕುಂಬಾರನ ಮುಂದೆ ನಿಂತೆ. ಜಿನುಗುವ ಮಡಕೆ ಬೇಕೆಂದು ತಗ್ಗಿದ ದನಿಯಲ್ಲಿ ಕೇಳಿದೆ. ಅವನು ಮುಖದಲ್ಲಿ ನಗು ತೋರಿಸಲಿಲ್ಲ, ಅದು ಇನ್ನೂ ಕಷ್ಟ.

“ಅವತ್ತು ನೀವು ತಳ್ಳಿದ್ದೆಲ್ಲ ಅಂಗೇ ಐತೆ ಸಾ,” ಅಂದ. “ರೇಟು ಮಾತ್ರ ಅಂಗೇ ಇಲ್ಲ.”

ಜೀವನದಲ್ಲಿ ಮೊದಲ ಸಲ ಕೇಳಿದಷ್ಟು ಕೊಟ್ಟು ಬಂದೆ. ಒಂಬತ್ತು ಸಸಿ ಚಿಗುರಿದವು. ಸತ್ತ ಮೂರರ ವಿಷಯವನ್ನು ಹೆಂಡತಿಗೆ ಬಿಸಿಲು, ಗಾಳಿ, ಕಲ್ಲು ಎಂದು ಸುತ್ತಿ ಬಳಸಿ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

“ಇನ್ನೆರಡು ಸಸಿ ಬಚ್ಚಲ ಹಿಂದೆ ಮಡಗಿವ್ನಿ,” ಅಂದಳು. “ನಿಮ್ಮ ಮಾತು ನಂಬಿ ಎಲ್ಲಾನೂ ಕೊಟ್ಬುಡಕ್ಕಾಯ್ತದಾ?”

ಈ ಮಳೆಗಾಲಕ್ಕೆ ಆ ಎರಡನ್ನೂ ಕೇಳುತ್ತಿದ್ದೇನೆ. ಇನ್ನೂ ಒಪ್ಪಿಲ್ಲ.