ಸೋಮವಾರ ಹಳ್ಳಕ್ಕೆ ಬರುತ್ತಿದ್ದ ಮೀನು

1968ನೇ ಇಸವಿ ಅಕ್ಟೋಬರ್ 24, ಗುರುವಾರ, ಬೆಳಗ್ಗೆ 7 ಗಂಟೆ 10 ನಿಮಿಷ. ಮಧುವನಹಳ್ಳಿ ಆಚೆಯ ಆಲದಕೆರೆಯಲ್ಲಿ ಮೊದಲ ಬಲೆ ಬಿತ್ತು. ಆಗ ನಾನು ಮೀನುಗಾರಿಕೆ ಇಲಾಖೆಯ ಸಹಾಯಕನಾಗಿ ಕೊಳ್ಳೇಗಾಲಕ್ಕೆ ಬಂದು ಏಳು ತಿಂಗಳಾಗಿತ್ತು. ವಯಸ್ಸು ಇಪ್ಪತ್ತಮೂರು. ದಿನಚರಿ ಬರೆಯುವ ಅಭ್ಯಾಸ ಹೈಸ್ಕೂಲಿನಿಂದಲೂ ಇತ್ತು. ಆ ದಿನದ ಪುಟ ಈಗಲೂ ನನ್ನ ಬಳಿ ಇದೆ: ಬಲೆ ಮೂರು ಸಲ, ಕೊರವ 14, ಹಾವುಮೀನು 3, ಸಣ್ಣ ಗೆಂಡೆ 61, ಕಾಮನ್ ಕಾರ್ಪ್ ಸೊನ್ನೆ.

ಆ ಸೊನ್ನೆಯ ಅರ್ಥ ತಿಳಿಯಬೇಕಾದರೆ ಹನ್ನೊಂದು ವಾರ ಹಿಂದಕ್ಕೆ ಹೋಗಬೇಕು. ಆಗಸ್ಟ್ 8ರಂದು ಇಲಾಖೆಯ ವ್ಯಾನಿನಲ್ಲಿ ಆರು ಟಿನ್ ಮೀನುಮರಿ ಬಂದಿತ್ತು. ಟಿನ್ನಿಗೆ ಮುನ್ನೂರರಂತೆ ಒಟ್ಟು 1800 ಕಾಮನ್ ಕಾರ್ಪ್, ಒಂದೊಂದು ಒಂದೂವರೆ ಅಂಗುಲ. ಈ ಜಾತಿ ನಮ್ಮ ನಾಡಿನದಲ್ಲ, ಹೊರಗಿನಿಂದ ತಂದು ಸಾಕಿದ್ದು. ಆಲದಕೆರೆಗೆ ಅದನ್ನು ಬಿಟ್ಟದ್ದು ಅದೇ ಮೊದಲು. ಆದ್ದರಿಂದ ಆ ಕೆರೆಯಲ್ಲಿ ಒಂದು ಕಾಮನ್ ಕಾರ್ಪ್ ಸಿಕ್ಕಿದರೂ ಅದು ನಾವು ಬಿಟ್ಟದ್ದೇ.

ಮೊದಲ ಎರಡು ಟಿನ್ನನ್ನು ಏರಿಯ ಕೆಳಗೆ ನಿಂತು ಬಿಡಿಸಿದೆ. ಅಷ್ಟರಲ್ಲಿ ಮಳೆ ಹಿಡಿಯಿತು. ಉಳಿದ ನಾಲ್ಕನ್ನು ನಮ್ಮ ಫೀಲ್ಡ್‌ಮನ್ ಸಿದ್ದಯ್ಯ, ಅಲೆ ಕಡಿಮೆ ಇರುವ ಕಡೆ ಬಿಡುತ್ತೇನೆಂದು ಆಳುಗಳ ತಲೆ ಮೇಲೆ ಹೊರಿಸಿಕೊಂಡು ಕೆರೆಯ ಮೇಲ್ಗಡೆಗೆ ಹೋದ. ಅಲ್ಲಿ ಕಲ್ಲಹಳ್ಳ ಬಂದು ಕೆರೆಗೆ ಸೇರುತ್ತದೆ. ನಾನು ವ್ಯಾನಿನೊಳಗೆ ಕೂತು, ಆರೂ ಟಿನ್ ನನ್ನ ಎದುರಿಗೇ ಬಿಡಲಾಯಿತು ಎಂಬ ಫಾರಂಗೆ ಸಹಿ ಹಾಕಿದೆ. ಮಳೆಯಲ್ಲಿ ಶಾಯಿ ಹರಡದಂತೆ ಬಲು ಜೋಪಾನವಾಗಿ ಹಾಕಿದ ಸಹಿ ಅದು.

ಸೆಪ್ಟೆಂಬರ್ ಕೊನೆಯಲ್ಲಿ ಒಂದು ಹೆಸರಿಲ್ಲದ ಅರ್ಜಿ ಬಂತು. ಸಿದ್ದಯ್ಯ ನಾಲ್ಕು ಟಿನ್ ಮರಿಯನ್ನು ಯಳಂದೂರು ಕಡೆಯ ಯಾರದೋ ತೋಟದ ಹೊಂಡಕ್ಕೆ ಸಾಗಿಸಿದ್ದಾನೆ ಎಂದು ಅದರಲ್ಲಿತ್ತು. ಸಿದ್ದಯ್ಯ ಶಾಗ್ಯದವನು, ನಲವತ್ತೊಂದು ವರ್ಷ. ಒಂಬತ್ತು ವರ್ಷದಿಂದ ತಾತ್ಕಾಲಿಕ ನೌಕರ. ಆ ಡಿಸೆಂಬರಿಗೆ ಅವನ ಕೆಲಸ ಕಾಯಂ ಆಗುವುದಿತ್ತು.

ಬಲೆ ಹಾಕಿಸಲು ನಮ್ಮ ಮೇಲಧಿಕಾರಿಗಳೇ ಬಂದಿದ್ದರು. ಮೂರನೆಯ ಬಲೆಯಲ್ಲೂ ಕಾರ್ಪ್ ಬಾರದಿದ್ದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಕಣ್ಣಾರೆ ಎಷ್ಟು ಟಿನ್ ನೋಡಿದೆ?"

"ಎರಡು, ಸರ್."

"ಸಹಿ ಎಷ್ಟಕ್ಕೆ ಮಾಡಿದೆ?"

"ಆರಕ್ಕೆ."

ಅವರು ನನ್ನನ್ನು ಬೈಯಲಿಲ್ಲ. ನವೆಂಬರ್ 19, ಮಂಗಳವಾರ ಮತ್ತೆ ಬರುತ್ತೇನೆ, ಅಷ್ಟರೊಳಗೆ ಮೀನು ತೋರಿಸದಿದ್ದರೆ ಅರ್ಜಿಯ ಮೇಲೆ ವಿವರಣೆ ಕೇಳಿ ಸಿದ್ದಯ್ಯನಿಗೆ ಕೊಟ್ಟಿರುವ ಮೆಮೊ ವಜಾ ಆದೇಶವಾಗುತ್ತದೆ ಎಂದರು. ನಿಜ ಹೇಳಿ ನಾನು ಸಿದ್ದಯ್ಯನನ್ನು ಮುಳುಗಿಸಿದ್ದೆ. ಸುಳ್ಳು ಹೇಳಿದ್ದರೆ ಅವನು ಉಳಿಯುತ್ತಿದ್ದನೇ ಎಂದು ಆಗಲೂ ಯೋಚಿಸಿದೆ. ಇಲ್ಲ. ಕೆರೆಯಲ್ಲಿ ಆ ಮೀನೇ ಸಿಗದಿದ್ದ ಮೇಲೆ ನನ್ನ ಮಾತಿಗೆ ಬೆಲೆ ಎಲ್ಲಿಯದು?

ಸಿದ್ದಯ್ಯ ಏರಿಯ ಕಲ್ಲಿನ ಮೇಲೆ ಕೂತಿದ್ದ. "ಕೆಲ್ಸ ಓದ್ರೆ ಓಗ್ಲಿ ಸಾ, ರಾಗಿ ಬೆಳ್ಕಂಡಾರು ತಿಂತೀನಿ. ಮೀನ್ಮರಿ ಕಳ್ಳ ಅಂತ ಊರೋರು ಕರುದ್ರೆ ಎಂಗ್ ಸಾ ತಲೆ ಎತ್ಲಿ? ಕದುದ್ರೆ ಆನೆನೋ ಕುದ್ರೆನೋ ಕದೀಬೇಕು" ಎಂದ. ನಗಲು ನೋಡಿದ, ಆಗಲಿಲ್ಲ.

ಮಾರನೆಯ ದಿನವೇ ಕೆಲಸ ಶುರು ಮಾಡಿದೆ. ಅಕ್ಟೋಬರ್ 25ರಿಂದ ನವೆಂಬರ್ 3ರವರೆಗೆ, 28ನೇ ತಾರೀಖು ಬಿಟ್ಟು, ಒಂಬತ್ತು ದಿನ. ಕೆರೆಯನ್ನು ಏಳು ಜಾಗವಾಗಿ ವಿಂಗಡಿಸಿ, ಬಲೆಯವರ ಯಜಮಾನ ಪೆರುಮಾಳು ಕೈಲಿ ದಿನಾ ಬಲೆ ಹಾಕಿಸಿದೆ. ಒಂದು ಜಾಗ ಮಾತ್ರ ಅವನು ಒಪ್ಪಲಿಲ್ಲ. ಹಳ್ಳ ಬಂದು ಸೇರುವಲ್ಲಿ ಹಳೆಯ ಜಾಲಿಮರಗಳು ನೀರಿನಲ್ಲಿ ಮುಳುಗಿ ನಿಂತಿದ್ದವು. "ಅಲ್ಲಿ ಬಲೆ ಬುಟ್ರೆ ನಾಳೆ ನನ್ನೆಂಡ್ರು ಅದ್ರಲ್ಲಿ ಇಟ್ಟು ಜಾಳುಸ್ಬೇಕಾಯ್ತದೆ, ಅಂಗೆ ಹರ್ದೋಯ್ತದೆ" ಎಂದ. ಹಿಟ್ಟಿನ ಜರಡಿಯಾಗುತ್ತದೆ ಎಂಬುದು ಅವನ ಮಾತಿನ ತಾತ್ಪರ್ಯ. ಜಾಲಿಯ ಅಂಚಿನಲ್ಲಿ ಗಾಳ ಹಾಕಿದೆ. ಒಂಬತ್ತು ದಿನದ ಲೆಕ್ಕ: ಕಾಮನ್ ಕಾರ್ಪ್ ಸೊನ್ನೆ.

ನವೆಂಬರ್ 3, ಭಾನುವಾರ ಸಂಜೆ ರೂಮಿನಲ್ಲಿ ಕೂತು ದಿನಚರಿ ತಿರುವಿದೆ. 28ರ ಪುಟದಲ್ಲಿ 'ಆಫೀಸು ಬರವಣಿಗೆ' ಎಂದಷ್ಟೇ ಇತ್ತು. ಹಿಂದಕ್ಕೆ ಹೋದರೆ ಏಪ್ರಿಲ್‌ವರೆಗೂ ಎಲ್ಲ ಸೋಮವಾರವೂ ಆಫೀಸು ಬರವಣಿಗೆಯೇ. ಕಾರಣ ಸರಳ. ಸೋಮವಾರ ಬೆಟ್ಟದ ದೇವರು ಮಾದಪ್ಪನ ದಿನ. ಈ ಸೀಮೆಯಲ್ಲಿ ಆ ದಿನ ಯಾರೂ ಮೀನು ಮುಟ್ಟುವುದಿಲ್ಲ, ಬಲೆ ಒದ್ದೆ ಮಾಡುವುದಿಲ್ಲ. ಆಳು ಸಿಕ್ಕದ ದಿನ ನಾನೂ ಕಾಗದದ ಕೆಲಸ ಇಟ್ಟುಕೊಳ್ಳುತ್ತಿದ್ದೆ. ಏಳು ತಿಂಗಳಲ್ಲಿ ಒಂದೇ ಒಂದು ಸೋಮವಾರವೂ ನಾನು ಯಾವ ಕೆರೆಯನ್ನೂ ನೋಡಿರಲಿಲ್ಲ. ಲೆಕ್ಕ ಇಡುವವನಿಗೆ ಖಾಲಿ ಪುಟ ಚುಚ್ಚುತ್ತದೆ. ಬೆಳಗ್ಗೆ ಮೊದಲ ಬಸ್ಸಿಗೆ ಒಬ್ಬನೇ ಹೊರಟೆ.

ನವೆಂಬರ್ 4, ಬೆಳಗ್ಗೆ 8.35. ಕೆರೆಯಿಂದ ಎರಡು ಫರ್ಲಾಂಗು ಮೇಲಕ್ಕೆ ಹಳ್ಳದ ದಂಡೆಯಲ್ಲಿ ರೇಷ್ಮೆ ನೂಲು ತೆಗೆಯುವವರ ಎಂಟು ಮನೆ ಇದ್ದವು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಚರಕದ ಮೇಲೆ ನೂಲು ತೆಗೆದ ಮೇಲೆ ಒಳಗಿನ ಹುಳ ಉಳಿಯುತ್ತದೆ. ವಾರವೆಲ್ಲ ಹಿತ್ತಲಲ್ಲಿ ಅದರ ಗುಡ್ಡೆ ಬೀಳುತ್ತದೆ. ಮಾದಪ್ಪನ ದಿನ ಮನೆ ಮಡಿಯಾಗಿರಬೇಕು. ಆದ್ದರಿಂದ ಸೋಮವಾರ ಬೆಳಗ್ಗೆ ಹೆಂಗಸರು ಒಲೆ, ಬಾನಿ ಎಲ್ಲ ತೊಳೆದು, ಆ ಹುಳವನ್ನು ಮಂಕರಿಗಟ್ಟಲೆ ಹಳ್ಳಕ್ಕೆ ಸುರಿಯುತ್ತಿದ್ದರು. ವಾಸನೆಗೆ ನಾನು ಮೂಗಿಗೆ ಕರ್ಚೀಫು ಹಿಡಿದುಕೊಂಡೆ.

"ಯಾಕ್ ಸಾ? ರೇಸ್ಮೆ ಬೇಕು, ರೇಸ್ಮೆ ವಾಸ್ನೆ ಬ್ಯಾಡ್ವಾ?" ಎಂದು ಒಬ್ಬಾಕೆ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. ಕೆಂಪಮ್ಮ ಎಂದು ಹೆಸರು, ಐವತ್ತರ ಹತ್ತಿರದ ವಯಸ್ಸು. ಹಾಗೆನ್ನುತ್ತಲೇ ಮಂಕರಿ ಬೋರಲು ಹಾಕಿದಳು. ನೀರು ಒಮ್ಮೆಲೇ ಕುದಿದಂತಾಯಿತು. ಬೆನ್ನುಗಳು, ಬಾಲಗಳು, ಒಂದರ ಮೇಲೊಂದು. ಮುಕ್ಕಾಲು ಗೇಣುದ್ದದ ಒಂದು ಮೀನು ಮಗ್ಗುಲಾದಾಗ ಬಾಯಿಯ ಮೂಲೆಯ ಮೀಸೆ ಕಂಡಿತು. ಕಾಮನ್ ಕಾರ್ಪ್. ನನ್ನ ಕರ್ಚೀಫು ಎಲ್ಲಿ ಬಿತ್ತೋ ತಿಳಿಯದು.

"ಇವು ಯಾವಾಗಿನಿಂದ ಬರ್ತಿವೆ, ಕೆಂಪಮ್ಮ?"

"ಗೌರಿಹಬ್ಬ ಕಳುದ್ ಮ್ಯಾಕೆ. ಸ್ವಾಮಾರ ಬತ್ತವೆ, ತಿಂತವೆ, ಸಂಜೆಗೆ ಜಾಲಿ ಮೆಳೆಗೆ ಓಯ್ತವೆ."

"ಯಾರಿಗೂ ಹೇಳಲಿಲ್ಲವಲ್ಲ?"

"ಯಾರ್ ಕೇಳುದ್ರು? ನೀವು ಒಂಬತ್ತ್ ದಿನದಿಂದ ಆ ಬಲೆಯೋರ್ ಇಂದೇನೇ ತಿರುಗ್ತಿದ್ರಿ. ನಮ್ಮ ಕಡೆ ತಿರುಗ್ ನೋಡುದ್ರಾ? ಈ ಹುಳ ತಿಂದ್ ಮೀನ ನಾವ್ ತಿನ್ನಾಕಿಲ್ಲ. ತಿನ್ದೇ ಇರೋದರ್ ಸುದ್ದಿ ಯಾಕ್ ಸಾ ಎತ್ತೋದು?"

ಅಂದು ಮಧ್ಯಾಹ್ನವೇ ಶಾಗ್ಯಕ್ಕೆ ಹೋಗಿ ಸಿದ್ದಯ್ಯನಿಗೆ ಹೇಳಿದೆ. ಅವನು ಹಣೆಗೆ ವಿಭೂತಿ ಇಟ್ಟುಕೊಂಡು ಜಗಲಿಯಲ್ಲಿ ಕೂತಿದ್ದ. ಮೊದಲು ಕಣ್ಣರಳಿಸಿದ, ಆಮೇಲೆ ಮಂಕಾದ.

ತೊಡಕು ಅವನಿಗೆ ತಕ್ಷಣ ತಿಳಿದಿತ್ತು. ನಾನೇ ನಾಲ್ಕು ಮೀನು ಹಿಡಿದು ತೋರಿಸಿದರೆ ಸಾಲದು, ಅವು ನಾನು ನೋಡಿದ ಎರಡು ಟಿನ್ನಿನವೇ ಇರಬಹುದು. ಎರಡು ಟಿನ್ ಎಂದರೆ ಆರುನೂರು. ಒಂದೂ ಸಾಯಲಿಲ್ಲ ಎಂದೇ ಇಟ್ಟುಕೊಂಡರೂ ಆರುನೂರಕ್ಕಿಂತ ಹೆಚ್ಚು ಇರಲಾರದು. ಸಾಹೇಬರ ಎದುರಿಗೆ 601 ಮೀನು ಎಣಿಸಿದರೆ ಮಾತ್ರ ಸಿದ್ದಯ್ಯ ಗೆದ್ದ. ಅಷ್ಟು ಮೀನು ಒಟ್ಟಿಗೆ ಸಿಗುವುದು ಸೋಮವಾರ, ಸಾಹೇಬರು ಬರುವುದು ಮಂಗಳವಾರ.

"ಸೋಮವಾರವೇ ಹಿಡಿದು ಇಟ್ಟುಕೊಂಡರೆ?" ಎಂದೆ.

"ಸಾ, ಅದೂ ಕಾರ್ತೀಕದ್ ಸ್ವಾಮಾರ. ಕೆಲ್ಸ ಉಳ್ಸಕಳಕೆ ಅಂತ ಮೀನ ಮುಟ್ಟುದ್ರೆ, ಕದ್ದಿಲ್ಲ ಅಂತ ಯಾವ್ ಬಾಯಲ್ಲಿ ಮಾದಪ್ಪನ್ ಮುಂದೆ ನಿಂತ್ಕಳ್ಳಿ?"

ನಾನು ಒತ್ತಾಯ ಮಾಡಲಿಲ್ಲ. ನವೆಂಬರ್ 5 ಮಂಗಳವಾರ ಹಳ್ಳ ನೋಡಿದೆ, ಮೀನು ಎರಡು. ಬುಧವಾರ ಸೊನ್ನೆ. 11ರ ಸೋಮವಾರ ಮತ್ತೆ ದಂಡಿಯಾಗಿ ಬಂದವು. ಅಂದು ಸಿದ್ದಯ್ಯನೂ ಜೊತೆಗಿದ್ದ. ದಂಡೆಯ ಹೊಂಗೆಮರದ ಕೆಳಗೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಹುಳ ಸುರಿಯುವ ಜಾಗ ಒಂದು ಮಡು, ಉದ್ದ ನಲವತ್ತು ಅಡಿ. ಮೇಲ್ಗಡೆ ಆಳೆತ್ತರದ ಬಂಡೆ, ಮೀನು ಹತ್ತಲಾಗದು. ಕೆಳಗಡೆ ಏಳು ಅಡಿ ಅಗಲದ ಒಂದೇ ಕಂಡಿ.

"ಸಾ, ಮೀನ ಮುಟ್ಟೋದು ತಪ್ಪು. ಬಾಗ್ಲಾಕದು ತಪ್ಪಲ್ಲ ಅಲ್ವಾ?" ಎಂದ.

ಆ ವಾರ ಅವನೇ ಕೂತು ಬಿದಿರಿನ ತಡಿಕೆ ಹೆಣೆದ. ಏಳೂವರೆ ಅಡಿ ಅಗಲ, ನಾಲ್ಕು ಅಡಿ ಎತ್ತರ, ಸಂದು ಅರ್ಧ ಅಂಗುಲ. ನವೆಂಬರ್ 18, ಬೆಳಗ್ಗೆ 9.15ಕ್ಕೆ ಕೆಂಪಮ್ಮ ಕೊನೆಯ ಮಂಕರಿ ಸುರಿದು, "ಇದೊಂದ್ ನನ್ ಕಡಿಂದ, ಸಿದ್ದಣ್ಣನ್ ಮರ್ವಾದೆಗೆ" ಎಂದಳು. ಮೀನು ಮುತ್ತಿಕೊಂಡಿದ್ದಾಗ ಸಿದ್ದಯ್ಯ ದಂಡೆಯ ಮೇಲಿಂದಲೇ ತಡಿಕೆಯನ್ನು ಕಂಡಿಗೆ ಇಳಿಬಿಟ್ಟು ಗೂಟಕ್ಕೆ ಕಟ್ಟಿದ. ನೀರಿಗೆ ಅವನ ಬೆರಳೂ ತಾಗಲಿಲ್ಲ.

ಮಧ್ಯಾಹ್ನ 3.40ಕ್ಕೆ ಹನೂರು ಬೆಟ್ಟಗಳ ಕಡೆ ಮಳೆ ಇಳಿಯಿತು. ಐದು ಗಂಟೆಗೆ ಹಳ್ಳ ಕೆಂಪಾಗಿ ಏರತೊಡಗಿತು. ನಾನು ಪ್ಯಾಂಟು ಮಡಿಸಿ ಇಳಿದು ತಡಿಕೆಗೆ ಕಲ್ಲು ಒಟ್ಟಿದೆ, ಸಿದ್ದಯ್ಯ ಮೇಲಿಂದ ಕಲ್ಲು ಎತ್ತಿ ಕೊಟ್ಟ. ನೀರು ತಡಿಕೆಯ ತುದಿಗೆ ಎಂಟು ಅಂಗುಲ ಇರುವಾಗ ಏರುವುದು ನಿಂತಿತು. ಗೂಟದ ಮೇಲೆ ಗುರುತು ಹಾಕಿದ್ದರಿಂದ ಆ ಎಂಟು ಅಂಗುಲ ನನಗೆ ಖಚಿತವಾಗಿ ಗೊತ್ತು.

ಮಂಗಳವಾರ ಸಾಹೇಬರು ಹೇಳಿದಂತೆ ಬಂದರು. ಪೆರುಮಾಳು ಮತ್ತು ಅವನ ಮೂವರು ಆಳುಗಳು ಸಣ್ಣ ಬಲೆ ಹಿಡಿದು ಮಡುವಿಗೆ ಇಳಿದರು. ಹಿಡಿದ ಪ್ರತಿ ಮೀನನ್ನೂ ಸಾಹೇಬರಿಗೆ ತೋರಿಸಿ, ತಡಿಕೆಯ ಕೆಳಕ್ಕೆ ಜೀವಂತ ಬಿಡುವುದು; ಒಂದೇ ಮೀನು ಎರಡು ಸಲ ಲೆಕ್ಕಕ್ಕೆ ಬರುವಂತಿಲ್ಲ. ಐದಕ್ಕೊಂದು ಅಡ್ಡಗೀಟು ಹಾಕುತ್ತಾ ನಾನು ಬರೆದೆ. 7.30ಕ್ಕೆ ಶುರು. 8.40ಕ್ಕೆ 300. ಹತ್ತು ಗಂಟೆಗೆ 520. ಆಮೇಲೆ ಬಲೆಗೆ ಹತ್ತು, ಆರು, ಮೂರು ಹೀಗೆ ಇಳಿಯುತ್ತಾ ಬಂತು. 596ಕ್ಕೆ ಬಲೆ ಬರಿದಾಗಿ ಬಂತು. ಮತ್ತೊಮ್ಮೆ ಎಳೆದರು, ಬರಿದು.

"ಮುಗುದೋಯ್ತು ಸಾ" ಎಂದ ಪೆರುಮಾಳು.

ನಾನು ಪೆನ್ಸಿಲ್ ಎತ್ತಲಿಲ್ಲ. ಸಾಹೇಬರು ನನ್ನ ಕಾಗದವನ್ನೇ ನೋಡುತ್ತಿದ್ದರು. ಆರುನೂರರ ಲೆಕ್ಕ ಅವರಿಗೂ ಗೊತ್ತಿತ್ತು.

ಸಿದ್ದಯ್ಯ ಅಂಗಿ ಬಿಚ್ಚಿದ. "ಇವತ್ತು ಮಂಗ್ಳಾರ ಅಲ್ವಾ" ಎಂದು ಯಾರಿಗೋ ಹೇಳುವಂತೆ ಹೇಳಿ ನೀರಿಗಿಳಿದು, ಹೊಂಗೆಮರದ ಬೇರುಗಳ ಕೆಳಗೆ ದಂಡೆ ಕೊರೆದಿದ್ದ ಪೊಟರೆಯೊಳಕ್ಕೆ ಭುಜದವರೆಗೆ ಕೈ ಹಾಕಿದ. ಒಳಗೆ ಬಡಿದಾಟದ ಸದ್ದು. "ಬಲೆ ಇಡ್ಕಳಿ ಕಣ್ರೋ, ಇಲ್ಲೇ ಅವೆ ಮಕ್ಳು!" ಎಂದು ಕೂಗಿದ. ಪೊಟರೆಗೆ ಅಡ್ಡಲಾಗಿ ಬಲೆ ಹಿಡಿದರು, ಅವನು ಒಳಗಿನಿಂದ ತಳ್ಳಿದ. 597. 598. 599. 600. ಮುಂದಿನ ಮೀನನ್ನು ಸಿದ್ದಯ್ಯನೇ ಎರಡು ಕೈಯಲ್ಲಿ ಎತ್ತಿ ಸಾಹೇಬರ ಮುಖದೆದುರು ಹಿಡಿದ. ಅದು ಬಾಲ ಕೊಡವಿ ಅವರ ಕನ್ನಡಕಕ್ಕೆ ನೀರು ಎರಚಿತು.

"ಆರ್ನೂರೊಂದು ಸಾ!"

"ಗೊತ್ತಾಯ್ತು ಕಣಯ್ಯ, ಕೆಳಗಿಳಿಸು" ಎಂದರು ಸಾಹೇಬರು, ಕನ್ನಡಕ ಒರೆಸುತ್ತಾ. ದಂಡೆಯ ಮೇಲೆ ಕೆಂಪಮ್ಮ, "ಯಳಂದೂರ್ಗೆ ಓದ್ವು ಅಂದ್ರಲ್ಲ ಸಾ, ಅವು ನಮ್ ಇತ್ಲಲ್ಲೇ ಉಂಡ್ಕಂಡ್ ಬಿದ್ದವಲ್ಲಾ!" ಎಂದಳು. ಅಂತಿಮ ಲೆಕ್ಕ 671. ಅಳತೆ ಆರರಿಂದ ಎಂಟು ಅಂಗುಲ. ಬಿಟ್ಟು 103 ದಿನ.

ಸಿದ್ದಯ್ಯನ ಮೆಮೊ ಅಲ್ಲೇ ವಾಪಸಾಯಿತು. ಕಣ್ಣಾರೆ ನೋಡದ ನಾಲ್ಕು ಟಿನ್ನಿಗೆ ಸಹಿ ಹಾಕಿದ್ದಕ್ಕೆ ಮುಂದಿನ ವಾರ ನನಗೊಂದು ಮೆಮೊ ಬಂತು. ನ್ಯಾಯವಾಗಿಯೇ ಬಂತು. ಅದನ್ನು 1968ರ ದಿನಚರಿಯೊಳಗೇ ಇಟ್ಟುಕೊಂಡಿದ್ದೇನೆ. ಅಂದಿನಿಂದ ಈ ಏಳು ವರ್ಷ ನನ್ನ ಪುಟಗಳಲ್ಲಿ ಎರಡು ಕಾಲಂ ಹೆಚ್ಚಾಗಿವೆ: ಎಲ್ಲಿ ನೋಡಲಿಲ್ಲ, ಯಾರನ್ನು ಕೇಳಲಿಲ್ಲ. ಮೀನು ಸೊನ್ನೆ ಎಂದು ಬರೆಯುವ ಮುಂಚೆ ಆ ಎರಡನ್ನೂ ತುಂಬುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಇದು, ಇದರಿಂದ ಮತ್ತೆ ಎಂದೂ ನಾನು ಮೋಸ ಹೋಗಿಲ್ಲ.

ಒಂದು ಸಂಗತಿ ಮಾತ್ರ ಇನ್ನೂ ಬಗೆಹರಿದಿಲ್ಲ. ನವೆಂಬರ್ 11ರಂದು ಕೆಂಪಮ್ಮ ಮೊದಲ ಮಂಕರಿ ಸುರಿದದ್ದು 8.40ಕ್ಕೆ. ನನ್ನ ದಿನಚರಿಯ ಪ್ರಕಾರ ಮೀನು ಬಂದು ಮಡುವಿನಲ್ಲಿ ನಿಂತದ್ದು 8 ಗಂಟೆಗೆ. 18ರಂದೂ ಹಾಗೆಯೇ, ಮೀನು ಮೊದಲು, ಹುಳ ಆಮೇಲೆ. ಆ ಎರಡು ಬೆಳಗೂ 8 ಗಂಟೆಗೆ ಇನ್ನೂ ಒಲೆ ತೊಳೆದಿರಲಿಲ್ಲ, ವಾಸನೆಯ ನೀರೂ ಹಳ್ಳಕ್ಕೆ ಇಳಿದಿರಲಿಲ್ಲ. ಸಿದ್ದಯ್ಯನನ್ನು ಕೇಳಿದರೆ, "ಅವ್ಕೂ ವಾರ ಗೊತ್ತು ಸಾ" ಎನ್ನುತ್ತಾನೆ. ಅವನು ಈಗ ಕಾಯಂ ನೌಕರ, ಅವನ ಮಾತನ್ನು ಸುಲಭಕ್ಕೆ ತಳ್ಳಿಹಾಕಲಾರೆ. ರೇಷ್ಮೆ ಹುಳ ಬೀಳುವ ಬೇರೆ ಹಳ್ಳಗಳಲ್ಲಿ ಹೀಗೆ ಮೀನು ಮುಂಚಿತವಾಗಿ ಬಂದು ಕಾಯುವುದನ್ನು ಕಂಡವರು ಇದ್ದರೆ, ತಾರೀಖು ಮತ್ತು ಗಂಟೆ ಸಮೇತ, ಈ ಪತ್ರಿಕೆಯ ಮೂಲಕ ನನಗೆ ದಯವಿಟ್ಟು ಬರೆದು ತಿಳಿಸಿ. ನೋಡಲು ಹೋಗುವವರು ಸೋಮವಾರ ಹೋಗಿ.