ಕೊಪ್ಪರಿಗೆ ಉಕ್ಕಿದ್ದು ಯಾಕೆ?

ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ ನಿಟ್ಟೂರಿನ ನಮ್ಮ ಗದ್ದೆಯ ಅಂಚಿನಲ್ಲಿ ವರ್ಷ ವರ್ಷವೂ ಆಲೆಮನೆ ಹೂಡುತ್ತಿದ್ದರು. ಕೋಣಗಳು ಗಾಣ ಸುತ್ತುತ್ತಿದ್ದವು, ಕಬ್ಬಿನ ಹಾಲು ದೊಡ್ಡ ಕೊಪ್ಪರಿಗೆಯಲ್ಲಿ ಕುದಿಕುದಿದು ಬೆಲ್ಲವಾಗುತ್ತಿತ್ತು. ಆ ಘಮ ಮೂಗಿಗೆ ಬಡಿದ ಮೇಲೆ ಪಾಠ ಎಲ್ಲಿ ತಲೆಗೆ ಹೋದೀತು! ಶಾಲೆಯ ಗಂಟೆ ಹೊಡೆದದ್ದೇ ತಡ, ಅಕ್ಕ ಮುಂದೆ, ನಾವು ಮಕ್ಕಳೆಲ್ಲ ಅವಳ ಹಿಂದೆ, ಒಂದೇ ಓಟ.

ಕೊಪ್ಪರಿಗೆ ಕಾಯುವುದು ದೊಡ್ಡಪ್ಪನ ಕೆಲಸ. ನೊರೆ ಏರಿ ಬರುವಾಗ ಉದ್ದ ಹಿಡಿಯ ಸೌಟಿನಿಂದ ಎತ್ತಿ ಎತ್ತಿ ಹೊಯ್ಯಬೇಕು. ಕೈ ಬಿಟ್ಟರೆ ಎಲ್ಲ ಒಲೆಯ ಪಾಲು. ಒಂದು ವರ್ಷ ಸಂಜೆಯ ಕೊಪ್ಪರಿಗೆ ಮತ್ತೆ ಮತ್ತೆ ಉಕ್ಕಿ ಚೆಲ್ಲಿತು. ಅಕ್ಕನದು ಒಂದು ಕಣ್ಣು ಸ್ವಲ್ಪ ಮೆಳ್ಳೆ. "ಈ ಹುಡುಗಿ ಬಂದಾಗ್ಲೇ ಉಕ್ತದೆ ಮಾರಾಯ, ಇವಳ ಕಣ್ಣು ಒಳ್ಳೇದಲ್ಲ" ಎಂದು ಯಾರೋ ಅಂದರು. ಎರಡೇ ದಿನದಲ್ಲಿ ಕೇರಿಯೆಲ್ಲ ಅದೇ ಮಾತು. ದೊಡ್ಡಪ್ಪ ಕೆಟ್ಟವರೇನಲ್ಲ, ಆದರೂ ಅವಳು ಆಲೆಮನೆಗೆ ಬರುವುದು ಬೇಡ ಎಂದುಬಿಟ್ಟರು. ಅಕ್ಕ ಶಾಲೆಯನ್ನೂ ಬಿಟ್ಟು ಕೋಣೆ ಸೇರಿ ಅತ್ತಳು. ಅವಳಿಲ್ಲದೆ ನಾವು ಮಕ್ಕಳೂ ಆ ಕಡೆ ಹೋಗಲಿಲ್ಲ. ಉಕ್ಕುವುದೂ ನಿಂತಿತು. ಊರಿಗೆ ಇನ್ನೇನು ಬೇಕು!

ಅಪ್ಪ ಕೂಗಾಡಲಿಲ್ಲ. "ಇವಳು ಬಂದಾಗ ಉಕ್ಕಿದ್ದು ಹೌದು. ಯಾಕೆ ಉಕ್ತು ಅಂತ ಯಾರಾದ್ರೂ ನೋಡಿದ್ರಾ?" ಎಂದಷ್ಟೇ ಕೇಳಿದರು. ಮರುದಿನ ಅಕ್ಕನ ಕೈ ಹಿಡಿದು ಕರೆದೊಯ್ದು ಕೊಪ್ಪರಿಗೆಯ ಎದುರಿಗೇ ಕೂರಿಸಿದರು.

"ಚೆನ್ನಾಗಿ ದಿಟ್ಟಿಸಿ ನೋಡು ಮಗಳೇ. ಅಣ್ಣಯ್ಯ, ನೀ ಮಾತ್ರ ಸೌಟು ಬಿಡ್ಬೇಡ."

ನೊರೆ ಅಂಚಿನವರೆಗೆ ಏರಿತು. ಅಕ್ಕ ಅದರ ಮೇಲಿಂದ ಕಣ್ಣು ಕೀಳಲಿಲ್ಲ. ದೊಡ್ಡಪ್ಪ ಸೌಟಿನಿಂದ ಎತ್ತಿ ಹೊಯ್ದಂತೆ ನೊರೆ ಇಳಿಯಿತು. ಜೇನಿನಂತೆ ಹರಿಯುವ, ಜೇನಿನದೇ ಬಣ್ಣದ ಜೋನಿಬೆಲ್ಲ ಹದವಾಗಿ ಬಂತು.

ಮಾರನೇ ಸಂಜೆ ಅಪ್ಪ ಅಕ್ಕನನ್ನು ಮನೆಯಲ್ಲೇ ಬಿಟ್ಟು ಉಳಿದ ಮಕ್ಕಳನ್ನೆಲ್ಲ ಕರೆತಂದರು. ನಮ್ಮನ್ನು ಕಂಡರೆ ದೊಡ್ಡಪ್ಪನಿಗೆ ಪ್ರಾಣ. ಎಂದಿನಂತೆ ಸೌಟು ಬದಿಗಿಟ್ಟು ಗಾಣದ ಹತ್ತಿರ ಹೋಗಿ, ಲೋಟ ತುಂಬ ಕಬ್ಬಿನ ಹಾಲು ಹೊಯ್ದು ಕೊಡತೊಡಗಿದರು. ಬೆನ್ನ ಹಿಂದೆ ಭುಸ್ಸೆಂದು ಕೊಪ್ಪರಿಗೆ ಉಕ್ಕಿತು! "ಅಯ್ಯೋ, ಇದು ನನ್ನ ಕೆಲ್ಸವೇ ಮಾರಾಯ!" ಎಂದು ಅವರು ತಲೆಯ ಮೇಲೆ ಕೈ ಇಟ್ಟುಕೊಂಡರು. ಆಗಲೇ ಸೌಟನ್ನು ಅಪ್ಪನ ಕೈಗೆ ಕೊಟ್ಟು, ನಮ್ಮೊಡನೆ ಮನೆಗೆ ಬಂದು ಅಕ್ಕನನ್ನು ತಾವೇ ಕರೆದುಕೊಂಡು ಹೋದರು. ಅವಳು ಕೇರಿಯ ನಡುವೆ ತಲೆ ಎತ್ತಿ ನಡೆದದ್ದನ್ನು ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆಗ ಒಂದು ಮಾತು ಕೇರಿ ಸುತ್ತಲು ಎರಡು ದಿನ ಬೇಕಿತ್ತು. ನಿಮ್ಮ ಫೋನಿನಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಊರೆಲ್ಲ ಮುಟ್ಟುತ್ತದೆ. ನಿಂತು ನೋಡುವ ಕೆಲಸ ಮಾತ್ರ ಆಗಲೂ ಈಗಲೂ ನಮ್ಮದೇ. ಮೊನ್ನೆ ನನ್ನ ಮೊಮ್ಮಗಳ ಗ್ರೂಪಿನಲ್ಲಿ, ಕ್ಲಾಸಿಗೆ ಬಂದ ಹೊಸ ಹುಡುಗಿ ಟೀಮಿನಲ್ಲಿದ್ದರೆ ಸೋಲೇ ಗತಿ ಎಂದು ಎಲ್ಲರೂ ಬರೆದಿದ್ದರು. "ಅವಳಿಲ್ಲದ ದಿನ ಗೆದ್ರಾ?" ಎಂದು ಕೇಳಿದೆ. ಮೊಮ್ಮಗಳು, "ಇಲ್ಲ ಅಜ್ಜಿ, ಆವತ್ತೂ ಸೋತ್ವಿ" ಎಂದಳು. ಆಮೇಲೆ ನನ್ನೆದುರೇ ಆ ಹುಡುಗಿಗೆ ಫೋನ್ ಮಾಡಿ, ನಾಳೆ ಆಟಕ್ಕೆ ಬಾ ಎಂದು ಕರೆದಳು.